‘ಅಂತೆ’ಯನ್ನು ಅಚ್ಚಿಗೆ ಬಿಡಬಹುದೇ? ಜೊತೆಗೆ ‘ಮಗುಚು’, ‘ಕವುಚು’

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಯೂರೋಪಿನ ಹೆಸರಾಂತ ಸಿಹಿತಿನಿಸುಗಳ ಹುಟ್ಟಿನ ಕತೆಗಳಿರುವ ಸಣ್ಣ ಪುಸ್ತಿಕೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರಡು ತಿದ್ದುವವರು ಹಾಳೆಗಳನ್ನು ಹಿಂದಿರುಗಿಸಿದಾಗ ಅದರಲ್ಲಿ ಒಂದು ‘ಅಂತೆ’ಯೂ ಉಳಿದಿರಲಿಲ್ಲ. ಅವು ಇದ್ದಲ್ಲೆಲ್ಲ ‘ಎಂದು ಹೇಳಲಾಗುತ್ತದೆ’ ಬಂದು ಕುಳಿತಿತ್ತು. ಅಂಚಿನಲ್ಲಿ ‘ಆಡುಮಾತು, ಬರಹಕ್ಕೆ ಸಲ್ಲದು’ ಎಂದು ಷರಾ. ನನಗೆ ಒಪ್ಪಿಗೆಯಿಲ್ಲ. ಆದರೂ ಜಗಳಕ್ಕೆ ನಿಲ್ಲುವ ಮೊದಲು ನಿಮ್ಮನ್ನು ಕೇಳುವುದು ಲೇಸೆನಿಸಿತು.

ಮಿಲಾನಿನ ಪನೆಟ್ಟೋನೆಯ ಪುಟವನ್ನೇ ನೋಡಿ. ಕ್ರಿಸ್‌ಮಸ್ಸಿಗೆ ಮಾಡುವ, ಒಣದ್ರಾಕ್ಷಿ ಹಾಕಿದ, ಬುರುಗಾಗಿ ಎತ್ತರಕ್ಕೆ ಉಬ್ಬಿದ ಸಿಹಿ ಬ್ರೆಡ್ಡು ಅದು. ಲುದೊವಿಕೊ ಸ್ಫೋರ್ಜಾನ ಅರಮನೆಯಲ್ಲಿ ಹಬ್ಬದೂಟಕ್ಕೆಂದು ಮಾಡಿದ ಸಿಹಿ ಸೀದುಹೋಯಿತಂತೆ. ಅಡುಗೆಮನೆಯ ಆಳುಹುಡುಗ ತೋನಿ ಮಿಕ್ಕಿದ್ದ ಹಿಟ್ಟಿಗೆ ಬೆಣ್ಣೆ, ಮೊಟ್ಟೆ, ಒಣದ್ರಾಕ್ಷಿ ಸೇರಿಸಿ ಬೇಯಿಸಿ ಮಾನ ಉಳಿಸಿದನಂತೆ. ಇದೇನು ಎಂದು ದೊರೆ ಕೇಳಿದ್ದಕ್ಕೆ ‘ಪಾನ್ ದೆ ತೋನಿ’, ತೋನಿಯ ಬ್ರೆಡ್ಡು, ಎಂದರಂತೆ. ಇಟಾಲಿಯನ್ನಿನಲ್ಲಿ ‘ಪನೆಟ್ಟೊ’ ಎಂದರೆ ಪುಟ್ಟ ಬ್ರೆಡ್ಡು. ‘ಓನೆ’ ಎಂಬುದು ದೊಡ್ಡದು ಎಂಬರ್ಥದ ಪ್ರತ್ಯಯ. ಹೆಸರಿನಲ್ಲಿರುವುದು ಅಷ್ಟೇ, ತೋನಿಗೆ ಅಲ್ಲಿ ಜಾಗವಿಲ್ಲ.

ಈಗ ಇದನ್ನೇ ಇನ್ನೊಮ್ಮೆ ಓದಿ. ಕತೆ ಎಲ್ಲಿ ನಿಂತಿತು, ಸಂಗತಿ ಎಲ್ಲಿ ಶುರುವಾಯಿತು ಎಂದು ನಾನು ಬೇರೆಯಾಗಿ ಹೇಳಬೇಕಾಗಲಿಲ್ಲ. ‘ಅಂತೆ’ ನಿಂತಿತು, ಓದುಗರಿಗೆ ತಿಳಿಯಿತು. ‘ಎಂದು ಹೇಳಲಾಗುತ್ತದೆ’ ಮೂರು ಸಾಲಿನಲ್ಲಿ ಮೂರು ಸಲ ಬಂದರೆ ತೋನಿಯ ಕತೆ ಸರ್ಕಾರಿ ಸುತ್ತೋಲೆಯಾಗುತ್ತದೆ. ಹಳಗನ್ನಡದ ‘ಗಡ’ವನ್ನು ಎಷ್ಟೋ ಕಡೆ ನಾವು ‘ಅಂತೆ’ ಎಂದೇ ಬಿಡಿಸಿಕೊಳ್ಳುತ್ತೇವಲ್ಲ. ಕಾವ್ಯದಲ್ಲಿ ಸಂದದ್ದು ಹೊಸಗನ್ನಡದ ಗದ್ಯದಲ್ಲಿ ಮೈಲಿಗೆಯಾದದ್ದು ಹೇಗೆ?

ಬೇರೆ ಪದಗಳನ್ನು ಹುಡುಕಲಿಲ್ಲವೆಂದಲ್ಲ. ‘ದಂತಕಥೆ’ ಎನ್ನೋಣವೆಂದರೆ ಪತ್ರಿಕೆಗಳು ಅದನ್ನು ಕ್ರಿಕೆಟ್ ಆಟಗಾರರಿಗೆ ಬರೆದುಕೊಟ್ಟುಬಿಟ್ಟಿವೆ. ಬಾಯಿಂದ ಬಾಯಿಗೆ ಬಂದ ಮಾತು ಎಂಬ ಅರ್ಥ ಇನ್ನು ಎಷ್ಟು ದಿನ ಉಳಿದೀತೋ ಕಾಣೆ. ‘ಐತಿಹ್ಯ’ ಒಳ್ಳೆಯ ಪದ, ‘ಇತಿ ಹ’, ಹೀಗಂತೆ, ಎಂಬುದೇ ಅದರ ಬೇರು. ಆದರೆ ಬ್ರೆಡ್ಡಿನ ಮುಂದೆ ಇಟ್ಟರೆ ಭಾರವಾಗುತ್ತದೆ. ‘ಪ್ರತೀತಿ’ಯಲ್ಲಿ ಭಕ್ತಿಯ ವಾಸನೆ. ‘ಕಟ್ಟುಕತೆ’ ಎಂದರೆ ಯಾರೋ ಬೇಕೆಂದೇ ಸುಳ್ಳು ಹೇಳಿದಂತಾಗುತ್ತದೆ. ಇಂಥ ಕತೆಗಳನ್ನು ಹೆಚ್ಚಿನ ಸಲ ಹುಟ್ಟಿಸುವುದು ಹೆಸರೇ ಹೊರತು ಸುಳ್ಳುಗಾರರಲ್ಲ.

ನಮ್ಮಲ್ಲೂ ಅದೇ ಅಲ್ಲವೇ? ದಾರಿ ತಪ್ಪಿ ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ, ಊರು ಬೆಂದಕಾಳೂರಾಯಿತಂತೆ. ಇಮ್ಮಡಿ ವೀರಬಲ್ಲಾಳ 12ನೇ ಶತಮಾನದ ಕೊನೆಗೆ ಪಟ್ಟಕ್ಕೆ ಬಂದವನು. ಬೇಗೂರಿನ ಶಾಸನದಲ್ಲಿ ಸುಮಾರು 890ರ ಹೊತ್ತಿಗೇ ‘ಬೆಂಗಳೂರು’ ಎಂಬ ಹೆಸರಿದೆ. ಮುದುಕಿಯೂ ತೋನಿಯೂ ಒಂದೇ ಒಲೆಯ ಮುಂದೆ ಕುಳಿತವರು.

ಇನ್ನು ನನ್ನ ವಾದದಲ್ಲಿರುವ ತೂತನ್ನೂ ನಾನೇ ತೋರಿಸಿಬಿಡುತ್ತೇನೆ. ರಮ್ಮಿನಲ್ಲಿ ನೆನೆಸಿದ ‘ಬಾಬಾ’ ಎಂಬ ಸಿಹಿಯಿದೆ. (ಆ ಪುಟದ ತಲೆಬರಹ ನೋಡಿದ ನನ್ನ ತಾಯಿ, ಸಾಧುಗಳ ಪುಸ್ತಕವೇ ಎಂದು ಕೇಳಿದರು.) ಪೋಲೆಂಡಿನ ಸಿಂಹಾಸನ ಕಳೆದುಕೊಂಡು ಫ್ರಾನ್ಸಿನ ಲೊರೇನಿನಲ್ಲಿದ್ದ ಸ್ತಾನಿಸ್ಲಾಸ್ ದೊರೆ, ಒಣಗಿದ ಕೇಕಿನ ಮೇಲೆ ಮದ್ಯ ಸುರಿಸಿ ಮೆತ್ತಗೆ ಮಾಡಿಸಿಕೊಂಡನಂತೆ, ತಾನು ಮೆಚ್ಚಿದ ಅಲಿ ಬಾಬಾನ ಹೆಸರಿಟ್ಟನಂತೆ. ಇವು ಎರಡೂ ‘ಅಂತೆ’ಗಳು ಸರಿ. ಆದರೆ ಪೋಲಿಷ್ ಭಾಷೆಯಲ್ಲಿ ‘ಬಾಬಾ’ ಎಂದರೆ ಅಜ್ಜಿ, ಮುದುಕಿ. ಆ ಹೆಸರಿನ ಎತ್ತರದ ಕೇಕು ಆ ಸೀಮೆಯಲ್ಲಿ ಇವತ್ತಿಗೂ ಉಂಟು. ಇದನ್ನು ಕರಡಿನಲ್ಲಿ ಕೈತಪ್ಪಿ ‘ಬಾಬಾ ಎಂದರೆ ಅಜ್ಜಿಯಂತೆ’ ಎಂದು ಬರೆದಿದ್ದೆ. ಅಜ್ಜಿಯ ಹಾಗೆ ಎಂದೇ? ಅಜ್ಜಿ ಎಂದು ಕೇಳಿದ್ದೇನೆ ಎಂದೇ? ಕ್ರಿಯಾಪದದ ಮೇಲಾದರೆ ‘ಮಾಡಿದಂತೆ’, ‘ಮಾಡಿದನಂತೆ’ ಬೇರೆಬೇರೆಯಾಗಿ ನಿಲ್ಲುತ್ತವೆ. ನಾಮಪದದ ಮೇಲೆ ಗಂಟು ಬೀಳುತ್ತದೆ. ತಿದ್ದುವವರ ಈ ಒಂದು ಗೆರೆಗೆ ನಾನು ತಲೆಬಾಗಿದ್ದೇನೆ. ದೊರೆಮಗಳು 15ನೇ ಲೂಯಿಯನ್ನು ಮದುವೆಯಾಗಿ ಹೋದಾಗ ಜೊತೆಗೆ ಹೋದ ಸ್ಟೋರರ್ ಎಂಬ ಬಾಣಸಿಗ 1730ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ಅಂಗಡಿ ಈಗಲೂ ನಡೆಯುತ್ತಿದೆ. ಅಲ್ಲಿಗೆ ‘ಅಂತೆ’ ಬೇಡ.

ವಿಯೆನ್ನಾದ ಸಾಖರ್ ಟೋರ್ಟೆ ಎಂಬ ಕೇಕು ಕತೆಗೂ ಸಂಗತಿಗೂ ನಡುವೆ ಸಿಕ್ಕಿಕೊಂಡಿದೆ. (ಬೆಳಗಾವಿ ಕಡೆಯ ಓದುಗರು ಮರಾಠಿಯ ಸಾಖರ್ ಎಂದುಕೊಂಡು ಸಕ್ಕರೆಯ ಕೇಕು ಎಂದಾರು, ಅದು ಮನೆತನದ ಹೆಸರು.) 1832ರಲ್ಲಿ ಮೆಟರ್‌ನಿಕ್ ರಾಜಕುಮಾರನ ಮನೆಯ ಮುಖ್ಯ ಬಾಣಸಿಗ ಕಾಯಿಲೆ ಬಿದ್ದು, 16ರ ಹುಡುಗ ಫ್ರಾಂಜ್ ಸಾಖರ್ ಈ ಚಾಕೊಲೇಟ್ ಕೇಕನ್ನು ಮಾಡಿದ ಎಂಬುದು ಆ ಮನೆತನವೇ ಹೇಳಿಕೊಂಡು ಬಂದ ಕತೆ. ಮನೆಯವರೇ ಹೇಳಿದ್ದಕ್ಕೆ ‘ಅಂತೆ’ ಹಚ್ಚಿದರೆ ಅವರ ಮಾತನ್ನು ನಂಬಲಿಲ್ಲ ಎಂದಾಗುವುದೇ, ಅಥವಾ ನಾನು ಕಂಡಿಲ್ಲ ಎಂದಷ್ಟೇ ಆಗುವುದೇ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ‘ಅವರ ಮಗಳ ಮದುವೆಯಂತೆ’ ಎನ್ನುವಾಗ ಯಾರೂ ಮದುವೆಯನ್ನು ಶಂಕಿಸುವುದಿಲ್ಲ. ಮುಂದೆ ಸಾಖರ್ ಹೋಟೆಲಿಗೂ ಡೆಮೆಲ್ ಅಂಗಡಿಗೂ ‘ಮೂಲ’ ಎಂಬ ಪದಕ್ಕಾಗಿ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕಾದಾಟ ನಡೆದು, 1960ರ ದಶಕದಲ್ಲಿ ಆ ಪದ ಹೋಟೆಲಿಗೆ ದಕ್ಕಿತು. ಏಪ್ರಿಕಾಟ್ ಜಾಮು ಕೇಕಿನ ನಡುವೆಯೂ ಇರಬೇಕೋ, ಮೇಲಿನ ಲೇಪದ ಕೆಳಗೆ ಮಾತ್ರವೋ ಎಂಬುದೂ ಆ ಕಾದಾಟದಲ್ಲಿತ್ತು. ಒಂದು ವಿಶೇಷಣಕ್ಕಾಗಿ ಅಷ್ಟು ಹೋರಾಡಿದವರನ್ನು ಕಂಡರೆ ನನಗೆ ಗೌರವವೇ.

ಎರಡನೆಯ ಪ್ರಶ್ನೆ ಅಡುಗೆಯದು. ಫ್ರಾನ್ಸಿನ ಲಾಮೊತ್-ಬ್ಯೂವ್ರೊನಿನ ರೈಲುನಿಲ್ದಾಣದ ಎದುರಿನ ಹೋಟೆಲಿನಲ್ಲಿ ತತ್ಯಾಂ ಅಕ್ಕತಂಗಿಯರು ಮಾಡುತ್ತಿದ್ದ ಸೇಬಿನ ಸಿಹಿ ‘ತಾರ್ತ್ ತತ್ಯಾಂ’. ಸೇಬು, ಸಕ್ಕರೆ, ಬೆಣ್ಣೆ ತಳದಲ್ಲಿ, ಹಿಟ್ಟಿನ ಹಾಳೆ ಮೇಲೆ. ಬೆಂದ ಮೇಲೆ ತಲೆಕೆಳಗು ಮಾಡಿ ತಟ್ಟೆಗೆ. ಗಡಿಬಿಡಿಯಲ್ಲಿ ತಳಕ್ಕೆ ಹಿಟ್ಟು ಹಾಸುವುದನ್ನೇ ಮರೆತು ಮೇಲೆ ಹೊದಿಸಿದರಂತೆ. ಆ ಸೀಮೆಯಲ್ಲಿ ಇಂಥ ತಿರುವುಮುರುವು ಸಿಹಿ ಅವರಿಗಿಂತ ಮೊದಲೇ ಇತ್ತು. ತಟ್ಟೆಗೆ ತಲೆಕೆಳಗು ಮಾಡುವುದಕ್ಕೆ ‘ಮಗುಚು’ ಎಂದು ಬರೆದೆ. ದೋಸೆ ಮಗುಚಿದಂತೆ ಎಂಬುದು ನನ್ನ ಲೆಕ್ಕ. ಆದರೆ ಕರಾವಳಿಯ ಗೆಳತಿ ಓದಿ, ಇದನ್ನು ಹಲ್ವದ ಹಾಗೆ ಕೈಯಾಡಿಸುತ್ತಲೇ ಇರಬೇಕೇ ಎಂದು ಕೇಳಿದಳು. ‘ಕವುಚು’ ಎಂದರೆ ಬಾಣಲೆಯ ಬಾಯಿ ತಟ್ಟೆಯ ಮೇಲೆ ಕೂರುವ ಚಿತ್ರ ಸರಿಯಾಗಿ ಬರುತ್ತದೆ. ಅದು ಎಲ್ಲ ಸೀಮೆಗಳಲ್ಲೂ ನಡೆಯುವ ಮಾತೇ? ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರ.

ಇಟಲಿಯ ತಿರಮಿಸು ಎಂಬ ಸಿಹಿಯ ಹೆಸರಿನ ಅರ್ಥ ಕೊಡುವುದನ್ನು ಕೈಬಿಟ್ಟಿದ್ದೇನೆ. ‘ನನ್ನನ್ನು ಮೇಲೆತ್ತು’ ಎಂದು ಅದರ ಅರ್ಥ. ಅಡಕವಾಗಿರಲೆಂದು ‘ನನ್ನೆತ್ತು’ ಎಂದು ಬರೆದೆ. ತಿದ್ದುವವರು ಪಕ್ಕದಲ್ಲಿ ‘ಇನ್ನೊಂದು ಎತ್ತು ಎಲ್ಲಿ?’ ಎಂದು ಕೇಳಿದ್ದಾರೆ.

ಕರಡನ್ನು ಮುಂದಿನ ವಾರ ಒಪ್ಪಿಸಬೇಕಾಗಿದೆ.