ರಾಜೀನಾಮೆ ಕೊಟ್ಟವರೆಲ್ಲ ‘ವೈಯಕ್ತಿಕ ಕಾರಣ’ ಅಂತಲೇ ಬರೀತಾರೆ. ನಿರ್ಗಮನ ಸಂದರ್ಶನ ಮಾಡೋದು ಹೇಗೆ?

ಸಿಬ್ಬಂದಿ_ಶಾಖೆ:
ಸರ್ಕಾರಿ ಕಚೇರಿ. ವರ್ಷದ ಶುರುವಿಗೆ 240 ಜನ, ಕೊನೆಗೆ 228. ನಡುವೆ 19 ಜನ ಸೇರಿದ್ದಾರೆ, 31 ಜನ ಹೋಗಿದ್ದಾರೆ. ‘ಶೇ. 13 ಜನ ಯಾಕೆ ಹೋದರು’ ಅಂತ ಮೇಲಿನಿಂದ ವರದಿ ಕೇಳಿದ್ದಾರೆ. ಈಗ ಬೇಬಾಕಿ ಪತ್ರದ (ಕಚೇರಿಗೆ ಕೊಡಬೇಕಾದ್ದು ಏನೂ ಬಾಕಿ ಇಲ್ಲ ಅನ್ನೋ ಪತ್ರ) ಜೊತೆ ಒಂದು ಪುಟದ ನಮೂನೆ ಕೊಡ್ತೀವಿ, ವಿಭಾಗದ ಮುಖ್ಯಸ್ಥರ ಸಹಿಯಾಗಿ ವಾಪಸ್ ಬರುತ್ತೆ. ಅದರಲ್ಲಿ ಇರೋದು ಎರಡೇ ಉತ್ತರ: ‘ವೈಯಕ್ತಿಕ ಕಾರಣ’, ಇಲ್ಲವೇ ‘ಉತ್ತಮ ಅವಕಾಶ’. ಸಂಬಳ ಏರಿಸೋ ಅಧಿಕಾರ ಕಚೇರಿಗಿಲ್ಲ. ಹಾಗಿರುವಾಗ ಕೂತು ಸಂದರ್ಶನ ಮಾಡಿ ಏನಾದರೂ ಸಿಗುತ್ತಾ?

ಅಂಕಿಅಂಶ:
ಸಂದರ್ಶನ ಆಮೇಲೆ. ಮೊದಲು ಆ ಶೇ. 13 ಬಿಚ್ಚಿ ನೋಡಿ. ಸರಾಸರಿ ಸಿಬ್ಬಂದಿ 234. 31ನ್ನು 234ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 13.2. ಲೆಕ್ಕ ಸರಿಯೇ, ಆದರೆ ಎಲ್ಲರನ್ನೂ ಒಂದೇ ಮೂಟೆಗೆ ತುಂಬಿದ್ದೀರಿ. ವಯೋನಿವೃತ್ತಿ ಯಾವ ತಿಂಗಳು ಅಂತ ಸೇವೆಗೆ ಸೇರಿದ ದಿನವೇ ಗೊತ್ತಿರುತ್ತೆ, ಅದು ನೇಮಕಾತಿ ಯೋಜನೆಯ ವಿಷಯ. ರಾಜೀನಾಮೆ ಮತ್ತು ಸ್ವಯಂ ನಿವೃತ್ತಿ ಒಂದು ಗುಂಪಿಗೆ ಬರಲಿ. ನಿವೃತ್ತಿ, ನಿಧನ, ಗುತ್ತಿಗೆ ಮುಗಿದದ್ದು ಬೇರೆ. ವರ್ಗಾವಣೆಯಲ್ಲಿ ಕೋರಿಕೆಯ ಮೇಲೆ ಹೋದವರನ್ನು ಪ್ರತ್ಯೇಕ ಬರೆಯಿರಿ. ನಮ್ಮ ವಲಯದಲ್ಲಿ ಬೇಸತ್ತವರು ನೌಕರಿ ಬಿಡೋದಕ್ಕಿಂತ ವರ್ಗ ಮಾಡಿಸಿಕೊಂಡು ಜಾಗ ಖಾಲಿ ಮಾಡೋದೇ ಹೆಚ್ಚು. ರಾಜೀನಾಮೆ ಮಾತ್ರ ಎಣಿಸಿದರೆ ಇವರು ಕಣ್ಣಿಗೇ ಬೀಳೋದಿಲ್ಲ.

ಇನ್ನೊಂದು ಮಾತು: ಖಾಲಿ ಹುದ್ದೆಯ ಪ್ರಮಾಣವನ್ನು ಇದರ ಜೊತೆ ಕಲಸಬೇಡಿ. ಮಂಜೂರಾದ ಹುದ್ದೆ ವರ್ಷಗಟ್ಟಲೆ ತುಂಬದೇ ಇದ್ದರೆ ಅದು ‘ಬಿಟ್ಟು ಹೋದದ್ದು’ ಅಲ್ಲ.

ಸಿಬ್ಬಂದಿ_ಶಾಖೆ:
ವಿಂಗಡಿಸಿದೆ. ವಯೋನಿವೃತ್ತಿ 14, ವರ್ಗಾವಣೆ 6 (ಕೋರಿಕೆ 4), ಗುತ್ತಿಗೆ ಮುಗಿದದ್ದು 3, ನಿಧನ 1, ರಾಜೀನಾಮೆ 7. ಏಳರಲ್ಲಿ ಐದು ಒಂದೇ ವಿಭಾಗದವು, ಐವರಲ್ಲಿ ಯಾರೂ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಆ ವಿಭಾಗದ ಸರಾಸರಿ ಬಲ 40.

ಅಂಕಿಅಂಶ:
ನೋಡಿ, ಕಚೇರಿಗೆಲ್ಲ ಸೇರಿ ರಾಜೀನಾಮೆ ಶೇ. 3. ಆ ವಿಭಾಗದಲ್ಲಿ ಶೇ. 12.5, ಉಳಿದ 194 ಜನರಲ್ಲಿ ಬರೀ ಶೇ. 1. ಸಂಬಳದ ಶ್ರೇಣಿ ಎಲ್ಲ ಕಡೆ ಒಂದೇ ಆಗಿದ್ದರೆ ಸಂಬಳವೊಂದೇ ಕಾರಣ ಅನ್ನೋ ಮಾತು ಇಲ್ಲೇ ಬಿದ್ದುಹೋಯ್ತು. ನಾಲ್ಕು ಕೋರಿಕೆ ವರ್ಗಾವಣೆ ಯಾವ ವಿಭಾಗದವು ಅಂತಲೂ ನೋಡಿ.

ಹಳೇ_ಕಡತ:
ನಿಮ್ಮ ನಮೂನೆ ಸುಳ್ಳು ಹೇಳಿಸೋಕೆ ಹೇಳಿ ಮಾಡಿಸಿದ ಹಾಗಿದೆ. ಬೇಬಾಕಿ, ಬಿಡುಗಡೆ ದಿನಾಂಕ, ಅನುಭವ ಪತ್ರ, ಬಾಕಿ ಹಣ ಎಲ್ಲವೂ ಮುಖ್ಯಸ್ಥರ ಮೇಜಿನ ಮೇಲೆ ಹಾದುಹೋಗಬೇಕು, ಅದೇ ಮೇಜಿಗೆ ದೂರನ್ನೂ ಬರೆದುಕೊಡಿ ಅಂದರೆ ಯಾರು ಬರೀತಾರೆ?

ಸಂದರ್ಶನ ಮಾಡುವವರು ಆ ಅಧಿಕಾರ ಸರಪಳಿಯ ಹೊರಗಿನವರಿರಬೇಕು. ರಾಜೀನಾಮೆ ಅಂಗೀಕಾರವಾಗಿ ಬಿಡುಗಡೆ ದಿನ ಗೊತ್ತಾದ ಮೇಲೆ, ಕೊನೆಯ ವಾರದಲ್ಲಿ ಕೂರಿ. ಕೊನೆಯ ದಿನ ಬೇಡ, ಅವತ್ತು ಕೀಲಿಕೈ, ಗುರುತಿನ ಚೀಟಿ ಒಪ್ಪಿಸೋದರಲ್ಲೇ ಹೊತ್ತು ಹೋಗುತ್ತೆ. 40 ನಿಮಿಷ, ಎಂಟು ಪ್ರಶ್ನೆ ಸಾಕು.

‘ಯಾಕೆ ಬಿಡ್ತಿದ್ದೀರಿ’ ಅಂತ ಶುರು ಮಾಡಬೇಡಿ, ಉತ್ತರ ಮೊದಲೇ ತಯಾರಿರುತ್ತೆ. ‘ಬೇರೆ ಕಡೆ ಅರ್ಜಿ ಹಾಕಬೇಕು ಅಂತ ಮೊದಲು ಅನ್ನಿಸಿದ್ದು ಯಾವಾಗ? ಆಗ ಕೆಲಸದಲ್ಲಿ ಏನು ನಡೀತಿತ್ತು?’ ಅಂತ ಕೇಳಿ. ಉದಾಹರಣೆಗೆ, ‘ಸಂಬಳ’ ಅಂದವರು ಇಲ್ಲಿಗೆ ಬರುವಾಗ ‘ಪ್ರೊಬೇಷನ್ ಮುಗಿದು ಎಂಟು ತಿಂಗಳಾದರೂ ಘೋಷಣೆ ಆದೇಶ (ಪ್ರೊಬೇಷನ್ ತೃಪ್ತಿಕರವಾಗಿ ಮುಗಿದಿದೆ ಅನ್ನೋ ಆದೇಶ) ಬರಲಿಲ್ಲ’ ಅಂತಾರೆ. ಎರಡನ್ನೂ ಬರೆದುಕೊಳ್ಳಿ, ಬೇರೆ ಬೇರೆ ಕಾಲಂನಲ್ಲಿ: ಹೊರಗೆ ಎಳೆದದ್ದು ಒಂದು, ಇಲ್ಲಿಂದ ತಳ್ಳಿದ್ದು ಇನ್ನೊಂದು. ಮೂರು ನಾಲ್ಕು ತಿಂಗಳು ಬಿಟ್ಟು, ಬಾಕಿ ಹಣವೆಲ್ಲ ಕೈ ಸೇರಿದ ಮೇಲೆ, ಒಪ್ಪಿದವರಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿ. ಎರಡು ಉತ್ತರಗಳ ನಡುವಿನ ವ್ಯತ್ಯಾಸದಲ್ಲೇ ಬಹಳ ಸಲ ಅಸಲು ವಿಷಯ ಇರುತ್ತೆ.

ನಿಯಮಾವಳಿ:
ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ‘ಯಾರಿಗೂ ಹೇಳೋದಿಲ್ಲ’ ಅಂತ ಮಾತು ಕೊಡಬೇಡಿ. ಕಿರುಕುಳ, ಲಂಚ, ಜೀವಕ್ಕೆ ಅಪಾಯ ಇಂಥದ್ದು ಬಾಯಿಗೆ ಬಂದರೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಲೇಬೇಕಾಗುತ್ತೆ. ಇದನ್ನು ಮಾತು ಶುರುವಾಗುವ ಮುಂಚೆಯೇ ಹೇಳಿಬಿಡಿ, ನಡುವೆ ಅಲ್ಲ. ಟಿಪ್ಪಣಿಯೂ ಕಚೇರಿಯ ದಾಖಲೆಯೇ, ಮಾಹಿತಿ ಹಕ್ಕಿನ ಅರ್ಜಿ ಬಂದಾಗ ಅದನ್ನೂ ಪರಿಶೀಲಿಸಬೇಕಾಗಬಹುದು. ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿ, ವೈಯಕ್ತಿಕ ಕಡತಕ್ಕೆ ಸೇರಿಸಬೇಡಿ.

ನಿಮ್ಮಲ್ಲಿ ಕಷ್ಟ ಆಗೋದು ವರದಿಯಲ್ಲಿ. ಒಂದೇ ವಿಭಾಗದ ಐವರು. ಆಡಿದ ಮಾತನ್ನು ಹಾಗೇ ಉದ್ಧರಿಸಿದರೆ ಮುಖ್ಯಸ್ಥರು ಓದಿದ ಕೂಡಲೇ ಯಾರದ್ದು ಅಂತ ಹೇಳ್ತಾರೆ. ಐದಕ್ಕಿಂತ ಕಡಿಮೆ ಜನರ ಗುಂಪನ್ನು ಬಿಡಿಸಿ ತೋರಿಸಲೇಬೇಡಿ. ಐದಿದ್ದರೂ ಹಿಂದಿನ ವರ್ಷದ್ದೂ ಸೇರಿಸಿ, ವಿಷಯ ಮಾತ್ರ ಬರೆಯಿರಿ.

ಹಳೇ_ಕಡತ:
ಒಪ್ಪಿದೆ. ಸಂಬಳ ಕೈಲಿಲ್ಲ ಅನ್ನೋ ಮಾತಿಗೆ: ಪ್ರೊಬೇಷನ್ ಘೋಷಣೆ, ಪ್ರಯಾಣ ಭತ್ಯೆ ಬಿಲ್, ಜ್ಯೇಷ್ಠತಾ ಪಟ್ಟಿ, ಕೆಲಸದ ಹಂಚಿಕೆ, ಇವುಗಳ ವಿಳಂಬವನ್ನಾದರೂ ಬಹುಮಟ್ಟಿಗೆ ಕಚೇರಿ ಮಟ್ಟದಲ್ಲೇ ತಗ್ಗಿಸಬಹುದು. ವರದಿಯಲ್ಲಿ ಪ್ರತಿ ಅಂಶದ ಎದುರಿಗೂ ಯಾರು, ಯಾವ ತಾರೀಖಿನೊಳಗೆ ಅಂತ ಕಾಲಂ ಇರಲಿ. ಇಲ್ಲದಿದ್ದರೆ ‘ಅವಲೋಕಿಸಲಾಗಿದೆ’ ಅಂತ ಷರಾ ಬಿದ್ದು ಕಡತ ಮುಚ್ಚುತ್ತೆ. ಆ ವಿಭಾಗದಲ್ಲಿ ಇನ್ನೂ ಇರುವ ಹೊಸಬರನ್ನು ಸೇರಿದ ಆರನೇ ತಿಂಗಳಲ್ಲಿ ಒಮ್ಮೆ, ಹದಿನೆಂಟನೇ ತಿಂಗಳಲ್ಲಿ ಒಮ್ಮೆ ಇದೇ ರೀತಿ ಮಾತಾಡಿಸಿ. ಹೋಗುವವರನ್ನು ಕೇಳೋದಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಸಿಬ್ಬಂದಿ_ಶಾಖೆ:
ನಾಲ್ಕು ಕೋರಿಕೆ ವರ್ಗಾವಣೆಯಲ್ಲಿ ಮೂರು ಅದೇ ವಿಭಾಗದವು. ಸಹಿಯ ಕಾಲಂ ತೆಗೆದು, ನಮೂನೆಯನ್ನು ಬೇಬಾಕಿಯಿಂದ ಬೇರೆ ಮಾಡೋಕೆ ಟಿಪ್ಪಣಿ ಮಂಡಿಸ್ತಿದ್ದೀನಿ.