ಒಬಾಮಾಕೇರ್ ಕಿತ್ತಾಕ್ತೀವಿ ಅಂತಾನೇ ಇದಾರಲ್ಲ, ಆ ಜಾಗಕ್ಕೆ ಏನು ತರ್ತಾರೆ?

ಹಾಸನದ್‌ಹುಡ್ಗ:
ಎಲ್ರಿಗೂ ನಮಸ್ಕಾರ. ನಾವಿರೋದು ಟೆಕ್ಸಾಸ್‌ನಲ್ಲಿ. ಅಮ್ಮಂಗೆ 68, ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯ್ತು, ಶುಗರ್ ಇದೆ, ಊರಲ್ಲಿದ್ದಾಗ್ಲೇ ಒಂದು ಸ್ಟೆಂಟೂ ಹಾಕ್ಸಿದ್ವಿ. ಐದು ವರ್ಷ ಆಗೋವರೆಗೂ ದುಡ್ಡು ಕಟ್ತೀವಿ ಅಂದ್ರೂ ಮೆಡಿಕೇರ್ (65 ದಾಟಿದೋರ ಸರ್ಕಾರಿ ವಿಮೆ) ಕೊಡಲ್ಲ, ಅದಕ್ಕೆ ಹೋದ್ ವರ್ಷ ಒಬಾಮಾಕೇರ್ (2010ರ ಆರೋಗ್ಯ ವಿಮೆ ಕಾನೂನು, ಅಫೋರ್ಡಬಲ್ ಕೇರ್ ಆಕ್ಟ್) ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದ್ರೆ ಆ ಕಾನೂನಿನ ವಿಮೆ ಸಂತೇಲಿ, ಪ್ಲಾನ್ ತಗೊಂಡ್ವಿ. ಅಮ್ಮ ಅವ್ರದ್ದೇ ಟ್ಯಾಕ್ಸ್ ರಿಟರ್ನ್ ಹಾಕ್ತಾರೆ, ಹಾಸನದ ಮನೆ, ಮೂರು ಮಳಿಗೆ ಬಾಡಿಗೆ ಬಿಟ್ರೆ ಬೇರೆ ಆದಾಯ ಇಲ್ಲ, ಸಬ್ಸಿಡಿ ಸಿಕ್ಕಿ ತಿಂಗಳಿಗೆ 12 ಡಾಲರ್ ಕಟ್ತಿದ್ವಿ. ಈ ವರ್ಷದ್ದು ಲೆಟರ್ ಬಂತು ನೋಡಿ, 1164 ಅಂತಿದೆ. ಪಾಯಿಂಟ್ ಬಿಟ್ಟೋಗಿದೆ, 11.64 ಇರ್ಬೇಕು ಅಂದ್ಕೊಂಡು ಫೋನ್ ಮಾಡಿದ್ರೆ ಇಲ್ಲ ಸರ್ ಕರೆಕ್ಟಾಗೇ ಇದೆ ಅಂದ್ರು. ಸದ್ಯಕ್ಕೆ ಕೈಯಿಂದ ಕಟ್ತಾ ಇದೀನಿ.

ಸಂಕ್ರಾಂತಿಗೆ ಫ್ರೆಂಡ್ ಮನೇಲಿ ಈ ವಿಷ್ಯ ತೆಗೆದಿದ್ದೇ ತಪ್ಪಾಯ್ತು. ಒಬ್ರು ಅಂಕಲ್ ಎಲ್ಲಾ ಟ್ರಂಪ್ ಮಾಡಿದ್ದು ಅಂತ, ಇನ್ನೊಬ್ರು ಒಬಾಮಾ 2010ರಲ್ಲಿ ನೆಟ್ಟ ಗಿಡ ಈಗ ಹಣ್ಣು ಬಿಡ್ತಿದೆ ಅಂತ, ಕೈಯಲ್ಲಿ ಎಳ್ಳು ಬೆಲ್ಲ ಹಿಡ್ಕೊಂಡೇ ಕಿತ್ತಾಡಿದ್ರು. ನಿಜವಾಗ್ಲೂ ಏನಾಗಿದೆ ಹೇಳಿ ಯಾರಾದ್ರೂ, ಮತ್ತೆ ಈ ಕಾನೂನು ತೆಗೀತೀವಿ ಅಂತ ಹದಿನೈದು ವರ್ಷದಿಂದ ಕೂಗ್ತಿರೋ ರಿಪಬ್ಲಿಕನ್ನರು ಯಾಕೆ ತೆಗೀಲಿಲ್ಲ?

ಬಿಲ್ಲಿಂಗಕ್ಕ_ಒಹಾಯೊ:
ತಮ್ಮಾ, ಡಾಕ್ಟ್ರ ಆಫೀಸಲ್ಲಿ ಬಿಲ್ಲಿಂಗ್ ಮಾಡ್ತಾ 14 ವರ್ಷ ಆಯ್ತು, ನಿನ್ನಂಥೋರ ಲೆಟರ್ ದಿನಾ ನೋಡ್ತೀನಿ. ಎರಡು ವಿಷ್ಯ ಕಲಸಿಹೋಗಿವೆ, ಬಿಡಿಸಿ ಹೇಳ್ತೀನಿ.

ಕೋವಿಡ್ ಟೈಮಲ್ಲಿ, 2021ರಲ್ಲಿ, ಸಬ್ಸಿಡಿ ಜಾಸ್ತಿ ಮಾಡಿದ್ರು, 2022ರಲ್ಲಿ ಮತ್ತೆ ಮುಂದುವರಿಸಿದ್ರು, ಅದು 2025 ಡಿಸೆಂಬರ್ 31ಕ್ಕೆ ಮುಗೀತು. ಅದೇ ವರ್ಷ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಬಂದ್ ಆಗಿತ್ತಲ್ಲ, ಆ ಜಗಳ ಇದಕ್ಕೇ. ಆದ್ರೆ ಅಮ್ಮಂಗೆ ಬಿದ್ದಿರೋ ದೊಡ್ಡ ಏಟು ಅದಲ್ಲ. ಆದಾಯ ಬಡತನದ ಗೆರೆಗಿಂತ ಕೆಳಗಿದ್ದು, ಗ್ರೀನ್ ಕಾರ್ಡ್‌ಗೆ ಐದು ವರ್ಷ ಆಗಿಲ್ಲ ಅಂತ ಮೆಡಿಕೇಡ್ (ಬಡವ್ರ ಸರ್ಕಾರಿ ವಿಮೆ) ಸಿಗದೇ ಇರೋರಿಗೆ ಮೊದಲ ಕಾನೂನಲ್ಲೇ ಒಂದು ದಾರಿ ಇತ್ತು, ಅವ್ರಿಗೆ ಸಬ್ಸಿಡಿ ಕೊಡ್ತಿದ್ರು. 2025ರ ಜುಲೈ 4ಕ್ಕೆ ಟ್ರಂಪ್ ಸೈನ್ ಹಾಕಿದ ದೊಡ್ಡ ಬಿಲ್ ಆ ದಾರೀನ 2026ರ ಜನವರಿಯಿಂದ ಮುಚ್ಚಿದೆ. ಹಾಗಾಗಿ ನಿಮ್ಮ ಮೊದಲನೇ ಅಂಕಲ್ ಹೇಳಿದ್ದು ನಿಮ್ಮ ಕೇಸಲ್ಲಿ ಸರಿ. 2026ರ ಪ್ಲಾನ್‌ಗೆ ಒಬ್ರಿಗೆ ಗೆರೆ 15,650 ಡಾಲರ್. ಅಮ್ಮನ ಆದಾಯ ಅದಕ್ಕಿಂತ ಒಂದು ಡಾಲರ್ ಮೇಲಿದ್ರೂ ಲೆಕ್ಕ ಬೇರೆ, ಸಬ್ಸಿಡಿ ಸಿಗುತ್ತೆ. ಬಾಡಿಗೆ ಅಷ್ಟೇನಾ? ಊರಿನ ಬ್ಯಾಂಕ್ ಬಡ್ಡಿನೂ ಇಲ್ಲಿ ಆದಾಯನೇ, ಸರಿಯಾಗಿ ಕೇಳಿ ನೋಡು.

ಇನ್ನು ಯಾಕೆ ತೆಗೀಲಿಲ್ಲ ಅಂದ್ರೆ. ಈ ಕಾನೂನು ಮೂರು ಕಲ್ಲಿನ ಒಲೆ. ಕಾಯಿಲೆ ಇದೆ ಅಂತ ಕಂಪನಿ ಯಾರ್ನೂ ವಾಪಸ್ ಕಳಿಸೋ ಹಾಗಿಲ್ಲ, ಆರೋಗ್ಯವಾಗಿರೋರೂ ತಗೊಳ್ಳೇಬೇಕು ಇಲ್ಲಾ ದಂಡ, ಕೈಲಾಗದವ್ರಿಗೆ ಸಬ್ಸಿಡಿ. ಮೊದಲನೇ ಕಲ್ಲು ಎಲ್ರಿಗೂ ಬೇಕು, ರಿಪಬ್ಲಿಕನ್ನರಿಗೂ ಬೇಕು, ಅದನ್ನ ಮುಟ್ಟಿದ್ರೆ ವೋಟು ಹೋಗುತ್ತೆ. ಉಳಿದೆರಡು ತೆಗೆದ್ರೆ ಮೊದಲನೇದು ನಿಲ್ಲಲ್ಲ. ತಮಾಷೆ ಅಂದ್ರೆ ಈ ಐಡಿಯಾನೇ ರಿಪಬ್ಲಿಕನ್ ಕಡೆಯದ್ದು, 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ರಿಪಬ್ಲಿಕನ್ ಗವರ್ನರ್ ರೋಮ್ನಿ ಇದನ್ನೇ ತಂದಿದ್ದು. ತಮ್ಮದೇ ಅಡುಗೆ ಬಿಸಾಕಿ ಬೇರೆ ಮಾಡು ಅಂದ್ರೆ ಏನ್ ಮಾಡ್ತಾರೆ?

2017ರಲ್ಲಿ ಹೌಸ್ (ಕೆಳಮನೆ), ಸೆನೆಟ್ (ಮೇಲ್ಮನೆ), ಅಧ್ಯಕ್ಷ ಎಲ್ಲಾ ಅವ್ರದ್ದೇ. ಕಾನೂನು ತೆಗೆಯೋ ಬಿಲ್ ಹೌಸ್‌ನಲ್ಲಿ 217–213ರಲ್ಲಿ ಪಾಸೂ ಆಯ್ತು. ಆಮೇಲೆ ಸೆನೆಟ್‌ನಲ್ಲಿ ಜುಲೈ 28, ರಾತ್ರಿ ಒಂದೂವರೆ ಆಗಿತ್ತು, ನಾನು ಟೀವಿ ಮುಂದೆ ಕೂತಿದ್ದೆ. ರಿಪಬ್ಲಿಕನ್ ಸೆನೆಟರ್ ಮೆಕೇನ್ ಮೆದುಳಿನ ಕ್ಯಾನ್ಸರ್ ಆಪರೇಷನ್ ಮುಗಿಸ್ಕೊಂಡು ಬಂದಿದ್ದೋರು, ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗುರುತು ಇನ್ನೂ ಕಾಣ್ತಿತ್ತು, ಮೆಲ್ಲಗೆ ನಡ್ಕೊಂಡು ಬಂದು ಕೈ ಚಾಚಿ ಹೆಬ್ಬೆರಳು ಕೆಳಗೆ ಮಾಡಿದ್ರು, ಅಷ್ಟೇ. 49–51ರಲ್ಲಿ ಬಿಲ್ ಬಿತ್ತು. ಅದೇ ಪಕ್ಷದ ಕಾಲಿನ್ಸ್, ಮರ್ಕೌಸ್ಕಿ ಆಗ್ಲೇ ಬೇಡ ಅಂದಿದ್ರು. ಅದೇ ವರ್ಷ ಕೊನೆಗೆ ದಂಡನ ಮಾತ್ರ ಸೊನ್ನೆ ಮಾಡಿದ್ರು, 2019ರಿಂದ ಇಲ್ಲ. ಒಲೆ ಬೀಳುತ್ತೆ ಅಂದ್ಕೊಂಡ್ವಿ, ಸಬ್ಸಿಡಿ ಕಲ್ಲೇ ಹಿಡ್ಕೊಂಡು ನಿಂತ್ಕೊಳ್ತು. ಈಗ ಅದನ್ನೇ ಅಲ್ಲಾಡಿಸ್ತಿದಾರೆ.

ಸ್ವಂತಬಿಸ್ನೆಸ್_ಜಾರ್ಜಿಯಾ:
ಅಕ್ಕ ಚೆನ್ನಾಗ್ ಬರೆದಿದೀರ, ಆದ್ರೆ ಇನ್ನೊಂದು ಮಗ್ಗಲೂ ನೋಡಿ. ನಾನು ರಿಪಬ್ಲಿಕನ್ನರಿಗೇ ವೋಟ್ ಹಾಕೋನು, ಮುಚ್ಚಿಡಲ್ಲ. ನಿಮ್ಮ ಪ್ಲಾನ್ ಇಷ್ಟ ಇದ್ರೆ ಇಟ್ಕೊಬಹುದು ಅಂತ ಒಬಾಮಾ ಎಷ್ಟ್ ಸಲ ಹೇಳಿದ್ರು, 2013ರಲ್ಲಿ ನನ್ನ ಪ್ಲಾನ್ ಕ್ಯಾನ್ಸಲ್ ಅಂತ ಕಾಗದ ಬಂತು. ನನಗೆ 61, ನನ್ನಾಕೆಗೆ 59, ಇಬ್ರದ್ದೂ ಸೇರಿ ಆದಾಯ 84,600 ದಾಟಿತು ಅಂದ್ರೆ 2026ರಿಂದ ಒಂದು ಪೈಸೆ ಸಬ್ಸಿಡಿ ಇಲ್ಲ, ಬಂಡೆ ಮೇಲಿಂದ ಬಿದ್ದಂಗೆ. ಅಂಗಡಿ ಲಾಭ ಎರಡು ಸಾವಿರ ಜಾಸ್ತಿ ಬಂದ್ರೆ ಪ್ರೀಮಿಯಂ ಇಪ್ಪತ್ತು ಸಾವಿರ ಜಾಸ್ತಿ, ಡಿಸೆಂಬರ್‌ನಲ್ಲಿ ಗಿರಾಕಿ ಬಂದ್ರೆ ಜನವರಿಗೆ ಬನ್ನಿ ಅನ್ನೋ ಹಾಗಿದೆ ನಮ್ಮ ಸ್ಥಿತಿ. ಅಷ್ಟು ಕಟ್ಟಿದ್ಮೇಲೂ ಡಿಡಕ್ಟಿಬಲ್, ಅಂದ್ರೆ ವಿಮೆ ಕೊಡೋಕ್ ಮುಂಚೆ ನಾವೇ ಭರಿಸ್ಬೇಕಾದ್ದು, 7,500. ಇದಕ್ಕೆ ಅಫೋರ್ಡಬಲ್ ಅಂತ ಹೆಸರು! ಆ ಸಬ್ಸಿಡಿ ದುಡ್ಡು ನಮ್ಮ ಕೈಗೆ, ಎಚ್‌ಎಸ್‌ಎ ಅನ್ನೋ ಚಿಕಿತ್ಸೆ ಉಳಿತಾಯ ಖಾತೆಗೆ ಹಾಕ್ಲಿ, ನಾವೇ ನೋಡ್ಕೋತೀವಿ.

ನಮ್ಮೋರ್ ಮೇಲೂ ಸಿಟ್ಟಿದೆ ಬಿಡಿ. 2024 ಡಿಬೇಟಲ್ಲಿ ಪ್ಲಾನ್ ಎಲ್ಲಿ ಅಂದ್ರೆ ಟ್ರಂಪ್ ಪ್ಲಾನಿನ ಕಾನ್ಸೆಪ್ಟ್‌ಗಳಿವೆ ಅಂದ್ರು. ಒಂಬತ್ತು ವರ್ಷ ಆದ್ಮೇಲೆ ಕಾನ್ಸೆಪ್ಟು!

ಬಿಲ್ಲಿಂಗಕ್ಕ_ಒಹಾಯೊ:
ಅಣ್ಣ, ಆ ಬಂಡೆ ವಿಷ್ಯ ನೂರಕ್ಕೆ ನೂರು ಒಪ್ತೀನಿ, ಆದ್ರೆ 2021ರಿಂದ ಐದು ವರ್ಷ ಆ ಬಂಡೆ ಇರ್ಲಿಲ್ಲ ಅಲ್ವಾ, ಆ ಜಾಸ್ತಿ ಸಬ್ಸಿಡಿನೇ ಅದನ್ನ ಮುಚ್ಚಿತ್ತು. ಎಚ್‌ಎಸ್‌ಎ ಗಟ್ಟಿಮುಟ್ಟಾಗಿರೋರಿಗೆ ಸರಿ, ಒಂದು ಸ್ಟೆಂಟ್ ಬಿಲ್ ಬಂದ್ರೆ ಆ ಖಾತೆ ಮಧ್ಯಾಹ್ನದೊಳಗೆ ಖಾಲಿ. 2025ರ ಡಿಸೆಂಬರ್ 11ಕ್ಕೆ ಸೆನೆಟ್‌ನಲ್ಲಿ ಎರಡೂ ಬಂದ್ವು, ರಿಪಬ್ಲಿಕನ್ನರ ಎಚ್‌ಎಸ್‌ಎ ಬಿಲ್ಲು, ಡೆಮಾಕ್ರಾಟರ ಸಬ್ಸಿಡಿನ ಮೂರು ವರ್ಷ ಮುಂದುವರಿಸೋ ಬಿಲ್ಲು. 60 ವೋಟು ಬೇಕಿತ್ತು, ಎರಡಕ್ಕೂ 51. ಎರಡೂ ಮಕಾಡೆ.

ಜಯನಗರ4ನೇಬ್ಲಾಕ್:
ಅಮೆರಿಕದಲ್ಲಿ ಇಲ್ದಿದ್ರೂ ಒಂದ್ ಮಾತು. ನಮ್ಮಲ್ಲೂ 2018ರಲ್ಲಿ ಯಶಸ್ವಿನಿ ನಿಲ್ಸಿ ಆರೋಗ್ಯ ಕರ್ನಾಟಕಕ್ಕೆ ಸೇರಿಸಿದ್ರು, ಸೊಸೈಟಿ ಮೆಂಬರ್ ರೈತರು ನಮ್ಮ ಕಾರ್ಡ್ ಎಲ್ಲಿ ಅಂತ ಕೇಳಿ ಕೇಳಿ 2022ರಲ್ಲಿ ವಾಪಸ್ ತಂದ್ರು. ನಮ್ಮ ದೊಡ್ಡಪ್ಪ ಆ ನಾಲ್ಕು ವರ್ಷ ಹಳೇ ಕಾರ್ಡನ್ನ ಪ್ಲಾಸ್ಟಿಕ್ ಕವರಲ್ಲಿ ಇಟ್ಟು ಜೇಬಲ್ಲೇ ಓಡಾಡ್ತಿದ್ರು. ಕೊಟ್ಟಿದ್ದನ್ನ ಕಿತ್ಕೊಳ್ಳೋದು ಎಲ್ಲಾ ಕಡೆ ಕಷ್ಟ ಗುರು.

ಹಾಸನದ್‌ಹುಡ್ಗ:
ಬಿಲ್ಲಿಂಗಕ್ಕ, ನಿಮ್ ಕಾಲಿಗೆ ಬೀಳ್ಬೇಕು. ಅಮ್ಮನ್ನ ಕೂರಿಸ್ಕೊಂಡು ಕೇಳ್ದೆ. ಎರಡು ಸಲ ಇಲ್ಲ ಅಂದ್ರು, ಮೂರನೇ ಸಲ ಸೂಟ್‌ಕೇಸ್ ತಳದಿಂದ ಸೀರೆ ಮಡಿಕೆ ಒಳಗಿದ್ದ ಎಫ್‌ಡಿ ಸರ್ಟಿಫಿಕೇಟ್ ತೆಗೆದ್ರು, ಸೈಟ್ ಮಾರಿದ ದುಡ್ಡಂತೆ, ತಂಗಿ ಮದುವೆಗೇ ಖರ್ಚಾಯ್ತು ಅಂತ ನಾನು ಇಷ್ಟು ದಿನ ನಂಬ್ಕೊಂಡಿದ್ದೆ. ಬಾಡಿಗೆ 12,400, ಬಡ್ಡಿ 3,600, ಒಟ್ಟು 16,000. ಗೆರೆ ದಾಟಿದೆ!

ಬಿಲ್ಲಿಂಗಕ್ಕ_ಒಹಾಯೊ:
ಭೇಷ್. ಇವತ್ತೇ ಅಪ್ಲಿಕೇಶನ್‌ನಲ್ಲಿ ಆದಾಯ ಅಪ್ಡೇಟ್ ಮಾಡು, ಪ್ಲಾನ್ ಚಾಲ್ತಿಲಿದೆ, ಆಗುತ್ತೆ. ಆದ್ರೆ ಹೋದ್ ವರ್ಷದ ರಿಟರ್ನಲ್ಲಿ ಈ ಬಡ್ಡಿ ತೋರ್ಸಿಲ್ಲ ಅಂದಂಗಾಯ್ತು, ಅಲ್ವಾ? ಎಫ್‌ಬಾರೂ (ವಿದೇಶಿ ಬ್ಯಾಂಕ್ ಖಾತೆ ವಿವರ) ಹಾಕಿರಲ್ಲ. ಮೊದ್ಲು ಒಬ್ಬ ಸಿಪಿಎ (ಇಲ್ಲಿನ ಆಡಿಟರ್) ಹತ್ರ ಹೋಗು.

ಹಾಸನದ್‌ಹುಡ್ಗ:
ಅಯ್ಯೋ ಶಿವನೇ. ಅಮ್ಮ ಪಕ್ಕದಲ್ಲೇ ಕೂತು ಕೇಳ್ತಿದಾರೆ, ಆ ಅಕ್ಕಂಗೆ ಎಫ್‌ಡಿ ವಿಷ್ಯ ಯಾಕ್ ಹೇಳ್ದೆ ಅಂತ.