ಪದಚರ್ಚೆ: ಎರರ್, ಫಾಲ್ಟ್, ಫೇಲ್ಯೂರ್ – ಮೂರಕ್ಕೂ ‘ದೋಷ’ವೇ?

ಎಲ್ಲರಿಗೂ ನಮಸ್ಕಾರ.

ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಾಫ್ಟ್‌ವೇರ್ ಟೆಸ್ಟಿಂಗ್‌ನ ಮೊದಲ ಕೋರ್ಸ್ ಹೇಳಿಕೊಡುತ್ತೇನೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದ ಮಕ್ಕಳು ನಮ್ಮಲ್ಲಿ ಜಾಸ್ತಿ. ಅವರಿಗೆಂದು ಕನ್ನಡದಲ್ಲಿ ಟಿಪ್ಪಣಿ ಬರೆಯಲು ಕೂತರೆ ಮೊದಲ ಅಧ್ಯಾಯದಲ್ಲೇ ಕೈ ನಿಂತಿದೆ. ನಿಮ್ಮ ಸಹಾಯ ಬೇಕು.

ಈ ವಿಷಯದಲ್ಲಿ ಎರರ್, ಫಾಲ್ಟ್, ಫೇಲ್ಯೂರ್ ಅಂತ ಮೂರು ಪದಗಳಿವೆ. ಇಂಜಿನಿಯರ್‌ಗಳ ಅಂತಾರಾಷ್ಟ್ರೀಯ ಸಂಸ್ಥೆ ಐಇಇಇ 1990ರಲ್ಲಿ ತಂದ ಪದಕೋಶದಲ್ಲೂ ಇವನ್ನು ಬೇರೆ ಬೇರೆಯಾಗಿಯೇ ವಿವರಿಸಿದ್ದಾರೆ. ಎರರ್ ಮನುಷ್ಯ ಮಾಡುವುದು. ಅದರಿಂದ ಕೋಡಿನೊಳಗೆ ಬಂದು ಕೂರುವುದು ಫಾಲ್ಟ್. ಪ್ರೋಗ್ರಾಂ ಓಡುವಾಗ ಹೊರಗೆ ಕಾಣುವುದು ಫೇಲ್ಯೂರ್. ಕನ್ನಡಕ್ಕೆ ಬಂದರೆ ಮೂರಕ್ಕೂ ‘ದೋಷ’ವೇ ಸಿಗುತ್ತದೆ. ಲ್ಯಾಬಿನಲ್ಲಿ ಮಕ್ಕಳ ಬಾಯಲ್ಲಂತೂ ಎಲ್ಲಕ್ಕೂ ಒಂದೇ ಮಾತು: ‘ಸರ್, ಎರರ್ ಬರ್ತಿದೆ’.

ವ್ಯತ್ಯಾಸ ಏಕೆ ಮುಖ್ಯ ಅಂತ ಗೊತ್ತಾಗಲು ಕ್ಲಾಸಿನಲ್ಲಿ ಹೇಳುವ ಉದಾಹರಣೆಯನ್ನೇ ಕೊಡುತ್ತೇನೆ. ಅಂಕ ನೋಡಿ ಪಾಸು, ಫೇಲು ಹೇಳುವ ಪುಟ್ಟ ಪ್ರೋಗ್ರಾಂ. ನಿಯಮ: ‘35 ಮತ್ತು ಮೇಲ್ಪಟ್ಟು ಬಂದರೆ ಪಾಸು’. ಬರೆದವನು ಅದನ್ನು ‘35ಕ್ಕಿಂತ ಜಾಸ್ತಿ’ ಅಂತ ಓದಿಕೊಂಡ. ಇದು ಎರರ್, ಅವನ ತಲೆಯಲ್ಲಾಗಿದ್ದು. ಹಾಗಾಗಿ ಕೋಡಿನಲ್ಲಿ >= (ಸಮ ಅಥವಾ ಜಾಸ್ತಿ) ಇರಬೇಕಾದ ಕಡೆ > (ಜಾಸ್ತಿ ಮಾತ್ರ) ಬಂತು. ಇದು ಫಾಲ್ಟ್. ಈಗ 80 ಕೊಡಿ, ಪಾಸು ಅನ್ನುತ್ತದೆ. 20 ಕೊಡಿ, ಫೇಲು. 34, 36 ಕೊಟ್ಟರೂ ಉತ್ತರ ಸರಿಯೇ. 35 ಕೊಟ್ಟಾಗ ಮಾತ್ರ ಪಾಸಾಗಬೇಕಾದ ಹುಡುಗ ಫೇಲು. ಅದು ಫೇಲ್ಯೂರ್. ಸರಿಯಾಗಿ 35 ತೆಗೆದವನು ಬರುವವರೆಗೆ ಆ ಚಿಹ್ನೆ ವರ್ಷಗಟ್ಟಲೆ ಅಲ್ಲೇ ತಣ್ಣಗೆ ಕೂತಿರಬಹುದು.

ಇನ್ನು ಪದಗಳಿಗೆ ಬರೋಣ. ಮೊದಲನೆಯದು ಸುಲಭ. ‘ತಪ್ಪು ಮಾಡಿದ’ ಅಂದಾಗ ಮಾಡುವವನು ಒಬ್ಬ ಇರಲೇಬೇಕು. ಹಾಗಾಗಿ ಎರರ್‌ಗೆ ‘ತಪ್ಪು’ ಸಾಕು. ‘ಪ್ರಮಾದ’ ಅಂತ ದೊಡ್ಡದು ಮಾಡುವುದು ಬೇಡ.

ಎರಡನೆಯದಕ್ಕೆ ‘ದೋಷ’ ಚೆನ್ನಾಗಿಯೇ ಹೊಂದುತ್ತದೆ. ದೋಷ ಆಗುವಂಥದ್ದಲ್ಲ, ಇರುವಂಥದ್ದು. ಕುಜದೋಷ ಜಾತಕದಲ್ಲಿ ಸುಮ್ನೆ ಕೂತಿರುತ್ತದೆ, ಮದುವೆ ಮಾತು ಬಂದಾಗಲೇ ಮೇಲೇಳುವುದು! ಅದಕ್ಕೇ ಕನ್ನಡಕ್ಕೆ ಬದಲಾಯಿಸಿಕೊಂಡ ಫೋನು, ಆ್ಯಪ್‌ಗಳಲ್ಲಿ ‘ದೋಷ ಸಂಭವಿಸಿದೆ’ ಅಂತ ಓದಿದಾಗಲೆಲ್ಲ ನನಗೆ ಒಂಥರಾ ಆಗುತ್ತದೆ. ದೋಷ ಸಂಭವಿಸುತ್ತದೆಯೇ? ಮೊದಲಿಂದ ಇದ್ದದ್ದು ಈಗ ಕಂಡಿದೆ, ಅಷ್ಟೇ ಅಲ್ವಾ?

ಆದರೂ ನನ್ನ ಒಲವು ‘ಹುಳುಕು’ ಕಡೆಗೆ. ಹುಳುಕು ಹಲ್ಲು, ಹುಳುಕು ಹುಡುಕುವುದು, ‘ಅವನ ಹುಳುಕು ಹೊರಗೆ ಬಂತು’ – ಎಲ್ಲದರಲ್ಲೂ ಒಳಗೆ ಇರುವುದು, ಹೊರಗೆ ಕಾಣದಿರುವುದು ಅನ್ನುವ ಅರ್ಥವಿದೆ. ‘ಹುಳು’ವಿನಿಂದಲೇ ಬಂದ ಪದವಾದ್ದರಿಂದ ಇಂಗ್ಲಿಷಿನ ‘ಬಗ್’ಗೂ (ಅಂದರೆ ಹುಳು; ಕೋಡಿನ ಫಾಲ್ಟ್‌ಗೂ ಅದೇ ಮಾತು) ತಾನಾಗಿಯೇ ಜೊತೆಯಾಗುತ್ತದೆ. ಬಗ್ ಅಂದಕೂಡಲೇ ಎಲ್ಲರೂ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ಪತಂಗದ ಕತೆ ಹೇಳುತ್ತಾರೆ. 1947ರ ಸೆಪ್ಟೆಂಬರ್ 9ರಂದು ಅದರ ರಿಲೇ (ಒಂದು ಬಗೆಯ ವಿದ್ಯುತ್ ಸ್ವಿಚ್ಚು) ಒಳಗೆ ಸಿಕ್ಕ ಆ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ಬಗ್ ನಿಜವಾಗಿಯೂ ಸಿಕ್ಕ ಮೊದಲ ಪ್ರಕರಣ ಅಂತ ಬರೆದರು. ಪದ ಅಲ್ಲಿ ಹುಟ್ಟಿತು ಅನ್ನುವುದು ಮಾತ್ರ ಸರಿಯಲ್ಲ. ಯಂತ್ರದ ತೊಂದರೆಗೆ ಎಡಿಸನ್ 1870ರ ದಶಕದಲ್ಲೇ ಅದನ್ನು ಬಳಸಿದ್ದ. ಮೊದಲೇ ಬಳಕೆಯಲ್ಲಿ ಇದ್ದದ್ದರಿಂದಲೇ ಪತಂಗ ಅಂಟಿಸಿದವರ ತಮಾಷೆ ತಮಾಷೆಯಾಗಿದ್ದು.

‘ಹುಳುಕು’ ಬಗ್ಗೆ ಒಂದು ಹಿಂಜರಿಕೆಯೂ ಇದೆ. ಆಡುಮಾತಿನಲ್ಲಿ ‘ಹುಳುಕು ಹುಡುಕುತ್ತಾನೆ’ ಅಂದರೆ ಬೈಗುಳ, ಮಾಡಲು ಬೇರೆ ಕೆಲಸವಿಲ್ಲದವನು ಅಂತ. ಟೆಸ್ಟಿಂಗ್‌ನವರ ಕೆಲಸವೇ ಅದು. ಕಂಪನಿಗಳಲ್ಲಿ ಡೆವಲಪರ್‌ಗಳು ಅವರನ್ನು ನೋಡುವ ನೋಟವೂ ಅದೇ ಅನ್ನಿ!

ನಿಜವಾದ ತೊಡಕು ಮೂರನೆಯದು. ‘ವೈಫಲ್ಯ’ ಅಂದರೆ ಸರ್ಕಾರದ ವೈಫಲ್ಯ, ಕಿಡ್ನಿ ವೈಫಲ್ಯ ನೆನಪಾಗುತ್ತದೆ. ದೊಡ್ಡದೇನೋ ಕುಸಿದುಬಿದ್ದ ಹಾಗೆ ಕೇಳುತ್ತದೆ. 35 ತೆಗೆದವನಿಗೆ ಫೇಲು ಅಂತ ಅಚ್ಚಾದರೆ ಅದನ್ನು ವೈಫಲ್ಯ ಅನ್ನಲು ನಾಲಿಗೆ ಏಳುವುದಿಲ್ಲ. ‘ಕೈಕೊಟ್ಟಿತು’ ತುಂಬ ಚೆನ್ನಾಗಿದೆ, ಗಾಡಿ ಕೈಕೊಟ್ಟಿತು, ಪಂಪ್‌ಸೆಟ್ಟು ಕೈಕೊಟ್ಟಿತು. ಆದರೆ ಅದರಲ್ಲಿ ನಿಂತುಹೋಯಿತು ಅನ್ನುವ ಅರ್ಥ ಇದ್ದೇ ಇರುತ್ತದೆ. ಕ್ರ್ಯಾಶ್ ಆದರೆ ಸರಿ. ನಮ್ಮ ಪ್ರೋಗ್ರಾಂ ನಿಲ್ಲಲೇ ಇಲ್ಲವಲ್ಲ, ಗಂಭೀರವಾಗಿ ತಪ್ಪು ಉತ್ತರ ಕೊಟ್ಟು ಮುಂದಿನ ಹುಡುಗನ ಅಂಕಕ್ಕೆ ಹೋಯಿತು. ‘ಕೆಟ್ಟಿತು’ ಅನ್ನಲೂ ಆಗದು. ಕೆಟ್ಟದ್ದು ರಿಪೇರಿ ಮಾಡುವವರೆಗೆ ಕೆಟ್ಟೇ ಇರುತ್ತದೆ, ಇದು 36ಕ್ಕೆ ಮತ್ತೆ ಸರಿಯಾಗಿ ಹೇಳುತ್ತದೆ.

ಹಾಗಾಗಿ ನನಗೆ ತೋಚಿದ್ದು ‘ಎಡವು’. ಪ್ರೋಗ್ರಾಂ 35ರಲ್ಲಿ ಎಡವಿತು. ಎಡವಿದವನು ಬೀಳಲೂಬಹುದು, ಸಾವರಿಸಿಕೊಂಡು ನಡೆಯಲೂಬಹುದು. ಗಾದೆಯೂ ಇದೆಯಲ್ಲ: ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ಹುಳುಕು ಓಡಿಸದೆ ಸುಮ್ನೆ ಇಟ್ಟ ಕೋಡಿನಲ್ಲೂ ಇರುತ್ತದೆ, ಓದಿಯೇ ಹಿಡಿಯಬಹುದು. ಎಡವುವುದು ಓಡಿಸಿದಾಗ ಮಾತ್ರ.

ಇದಕ್ಕೆ ಯುರೋಪಿನ ಅರಿಯಾನ್ 5 ರಾಕೆಟ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಅದರ ಮೊದಲ ಹಾರಾಟ. ಮೇಲೆದ್ದು ಸುಮಾರು 40 ಸೆಕೆಂಡಿಗೆ ಚೂರುಚೂರಾಯಿತು. ದಿಕ್ಕು ತೋರುವ ಘಟಕದ ಸಾಫ್ಟ್‌ವೇರ್ ಅರಿಯಾನ್ 4ರಿಂದ ಬಂದದ್ದು. ಅದರಲ್ಲಿ ಅಡ್ಡವೇಗಕ್ಕೆ ಸಂಬಂಧಿಸಿದ ಒಂದು 64 ಬಿಟ್ (ಬಿಟ್ ಅಂದರೆ ಒಂದು 0 ಅಥವಾ 1ರ ಜಾಗ) ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವ ಕಡೆ, ಹಿಡಿಸದಿದ್ದರೆ ಏನು ಮಾಡಬೇಕು ಅನ್ನುವ ಕಾವಲು ಇರಲಿಲ್ಲ. 16 ಬಿಟ್‌ನಲ್ಲಿ ಹಿಡಿಸುವುದು 32,767ರವರೆಗೆ. ಅರಿಯಾನ್ 4ರ ಹಾರುವ ದಾರಿಯಲ್ಲಿ ಆ ಸಂಖ್ಯೆ ಅಷ್ಟು ಬೆಳೆಯುತ್ತಿರಲಿಲ್ಲ, ಹಾಗಾಗಿ ಅಲ್ಲಿ ಎಂದೂ ಎಡವಲಿಲ್ಲ. ಹೊಸ ರಾಕೆಟ್ಟಿನ ಅಡ್ಡವೇಗ ಜಾಸ್ತಿ, ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸಲಿಲ್ಲ. ಮೊದಲು ಬದಲಿ ಘಟಕ ಕೈಕೊಟ್ಟಿತು, ಹಿಂದೆಯೇ ಮುಖ್ಯ ಘಟಕವೂ ಅದೇ ಕಾರಣಕ್ಕೆ ಕೈಕೊಟ್ಟಿತು, ಎರಡರಲ್ಲೂ ಇದ್ದದ್ದು ಒಂದೇ ಸಾಫ್ಟ್‌ವೇರ್ ನೋಡಿ. ಇನ್ನೂ ಹೊಟ್ಟೆ ಉರಿಸುವ ಸಂಗತಿ ಅಂದರೆ, ಆ ಲೆಕ್ಕ ನಡೆಯುತ್ತಿದ್ದ ಭಾಗಕ್ಕೆ ರಾಕೆಟ್ ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ. ಹಳೆಯ ರಾಕೆಟ್ಟಿಗೆ ಬೇಕಿತ್ತು ಅಂತ ಹಾಗೇ ಉಳಿಸಿಕೊಂಡಿದ್ದರು. ಇಲ್ಲಿ ಹಳೆಯ ರಾಕೆಟ್ಟಿನ ಸಂಖ್ಯೆಗಳೇ ಹೊಸದಕ್ಕೂ ಸಾಕು ಅಂದುಕೊಂಡದ್ದು ತಪ್ಪು. ಕಾವಲಿಲ್ಲದ ಆ ಜಾಗ ಹುಳುಕು. ಎಡವಿದ್ದು ಜೂನ್ 4ಕ್ಕೆ. ಎಲ್ಲಕ್ಕೂ ‘ದೋಷ’ ಅಂತ ಬರೆದು ಈ ಪ್ಯಾರಾ ಓದಿ ನೋಡಿ, ತಲೆಬುಡ ತಿಳಿಯುವುದಿಲ್ಲ.

ತೊಂದರೆ ಏನಪ್ಪಾ ಅಂದರೆ ‘ಎಡವು’ ಕ್ರಿಯಾಪದ. ಪ್ರಶ್ನೆಪತ್ರಿಕೆಗೆ, ಶೀರ್ಷಿಕೆಗೆ ನಾಮಪದ ಬೇಕು. ‘ಎಡವಿಕೆ’ ಪುಸ್ತಕದ ವಾಸನೆ ಹೊಡೆಯುತ್ತದೆ. ‘ಎಡವಟ್ಟು’ ಒಳ್ಳೆಯ ಪದ, ಆದರೆ ಎಡವಟ್ಟು ಮಾಡುವವರು ಮನುಷ್ಯರು, ಮತ್ತೆ ಮೊದಲನೆಯ ಅರ್ಥಕ್ಕೇ ಹೋಗಿ ಬೀಳುತ್ತದೆ. ಇದಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯಾ? ಗಾಣ, ಮಗ್ಗ, ರೈಸ್ ಮಿಲ್ಲುಗಳಲ್ಲಿ ಯಂತ್ರ ನಿಲ್ಲದೆಯೇ ತಪ್ಪು ಮಾಲು ಕೊಡುವುದಕ್ಕೆ ಏನನ್ನುತ್ತಾರೆ? ಅಂಥದ್ದು ಸಿಕ್ಕರೆ ಬಂಗಾರ.

ಎರಡನೇ ಪ್ರಶ್ನೆ ‘ಟೆಸ್ಟ್ ಫೇಲ್ ಆಯ್ತು’ ಬಗ್ಗೆ. ಇಲ್ಲಿ ಫೇಲ್ ಆದವರು ಯಾರು? ಶಾಲೆಯ ಮಾತಿನಲ್ಲಿ ಹುಡುಗ ಪರೀಕ್ಷೆಯಲ್ಲಿ ಫೇಲಾಗುತ್ತಾನೆ, ಪರೀಕ್ಷೆ ಫೇಲಾಗುವುದಿಲ್ಲ. ಪತ್ರಿಕೆಯ ‘ಕ್ಷಿಪಣಿ ಪರೀಕ್ಷೆ ಯಶಸ್ವಿ’ ಅಂದರೆ ಕ್ಷಿಪಣಿ ಸರಿಯಾಗಿ ಹಾರಿತು ಅಂತ. ಟೆಸ್ಟಿಂಗ್‌ನವರಿಗೆ ತದ್ವಿರುದ್ಧ: ಹುಳುಕು ತೋರಿಸಿಕೊಟ್ಟ ಪರೀಕ್ಷೆಯೇ ಯಶಸ್ವಿ. ಹಾಗಾಗಿ ‘ಪರೀಕ್ಷೆ ವಿಫಲವಾಯಿತು’ ಅಂತ ಬರೆದರೆ ಪ್ರೋಗ್ರಾಂ ಸೋತಿತೋ, ಪರೀಕ್ಷೆ ಮಾಡಿದವರು ಸೋತರೋ, ಪರೀಕ್ಷೆಯನ್ನೇ ತಪ್ಪಾಗಿ ಬರೆದಿದ್ದರೋ ತಿಳಿಯದು. ಮೂರನೆಯದೂ ದಿನಾ ಆಗುವಂಥದ್ದೇ, ಬರಬೇಕಾದ ಉತ್ತರವನ್ನೇ ತಪ್ಪಾಗಿ ಹಾಕಿಕೊಂಡಿರುತ್ತಾರೆ. ನಾನು ಸದ್ಯಕ್ಕೆ ಪ್ರೋಗ್ರಾಮನ್ನೇ ಕರ್ತೃ ಮಾಡುತ್ತಿದ್ದೇನೆ: ‘ಈ ಪರೀಕ್ಷೆಯಲ್ಲಿ ಪ್ರೋಗ್ರಾಂ ಎಡವಿತು’, ‘ಈ ಪರೀಕ್ಷೆಯನ್ನು ದಾಟಿತು’. ಉದ್ದವಾಯಿತು, ಗೊತ್ತು. ಇನ್ನು ಎಲ್ಲ ದಾಟಿದರೂ ‘ಹುಳುಕಿಲ್ಲ’ ಅಂತ ಬರೆಯಲು ಬಿಡುವುದಿಲ್ಲ, ‘ಹುಳುಕು ಸಿಕ್ಕಿಲ್ಲ’ ಅಂತಲೇ ಬರೆಸುತ್ತೇನೆ. ಪರೀಕ್ಷೆಯಿಂದ ಬಗ್ ಇದೆ ಅಂತ ತೋರಿಸಬಹುದು, ಇಲ್ಲ ಅಂತ ತೋರಿಸಲಾಗದು ಅಂತ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳಿ ಅರ್ಧ ಶತಮಾನ ದಾಟಿದೆ. ‘ದೋಷಮುಕ್ತ ಸಾಫ್ಟ್‌ವೇರ್’ ಅನ್ನುವ ಜಾಹೀರಾತು ಮಾತ್ರ ನಿಂತಿಲ್ಲ.

ವೆರಿಫಿಕೇಶನ್‌ಗೆ ‘ತಾಳೆ ನೋಡುವುದು’ ಅಂತ ಹಾಕಿದ್ದೇನೆ, ಬರೆದುಕೊಟ್ಟದ್ದಕ್ಕೂ ಮಾಡಿದ್ದಕ್ಕೂ ತಾಳೆ. ಸರಿಯಾದ ಉತ್ತರ ಯಾವುದೆಂದು ಹೇಳುವ ಟೆಸ್ಟ್ ಆರಕಲ್‌ಗೆ ‘ಒರೆಗಲ್ಲು’. ಇವೆರಡರಲ್ಲಿ ಜಗಳವಿಲ್ಲ ಅಂದುಕೊಂಡಿದ್ದೇನೆ.

ಮೂರನೆಯದು ಗಡಿಯ ಮಾತುಗಳು. ಇದರಲ್ಲಿ ನನಗೆ ಪದ ಬೇಕಿಲ್ಲ, ನಿಮ್ಮ ಬಳಕೆ ಬೇಕು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಟೆಸ್ಟಿಂಗ್‌ನ ಅರ್ಧ ವಿದ್ಯೆ ಅದೇ: ಒಂದೇ ಥರ ನಡೆದುಕೊಳ್ಳುವ ಅಂಕಗಳನ್ನೆಲ್ಲ ಒಂದು ಗುಂಪು ಮಾಡಿ, ಗುಂಪಿಗೊಂದು ಅಗುಳು. ಉಳಿದ ಅರ್ಧ, ತಳ ಹಿಡಿದಿದೆಯಾ ನೋಡುವುದು. ಅದು ನಡುವಿನ ಅಗುಳಿನಿಂದ ತಿಳಿಯದು, ಅಂಚಿಗೆ ಸೌಟು ಹಾಕಬೇಕು. ಹಾಗೆ 34, 35, 36. ಆದರೆ ಅಂಚು ಎಲ್ಲಿದೆ ಅನ್ನುವುದು ಬರೆದ ಮಾತಿನ ಮೇಲೆ ನಿಂತಿದೆ. ‘60 ವರ್ಷ ಮೇಲ್ಪಟ್ಟವರು’ ಅಂದರೆ ಸರಿಯಾಗಿ 60 ಆದವರು ಸೇರುತ್ತಾರಾ? ಕ್ಲಾಸಿನಲ್ಲಿ ಕೇಳಿದರೆ ಎರಡು ಗುಂಪಾಗುತ್ತದೆ. ‘60 ತುಂಬಿದವರು’ ಅಂದರೆ ಜಗಳವೇ ಇಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯ ಅರ್ಥವೂ ತುಂಬಿದವರು ಅಂತಲೇ. ‘10ನೇ ತಾರೀಖಿನೊಳಗೆ ಕಟ್ಟಿ’ ಅಂದರೆ 10ರಂದು ಕಟ್ಟಬಹುದಾ? ‘10ರವರೆಗೆ’ ಅಂದರೆ ಕಟ್ಟಬಹುದು. ಗೃಹಜ್ಯೋತಿಯ ‘200 ಯೂನಿಟ್‌ವರೆಗೆ’ ಎಲ್ಲರಿಗೂ ಚೆನ್ನಾಗಿ ಅರ್ಥವಾಗಿದೆ, ಏಕೆಂದರೆ 201 ಆದರೆ ಪೂರ್ತಿ ಬಿಲ್ಲು ಬರುತ್ತದೆ. ‘ಮೇಲ್ಪಟ್ಟು’, ‘ಒಳಗೆ’ ಈ ಎರಡನ್ನು ನಿಮ್ಮ ಕಡೆ ಹೇಗೆ ಅರ್ಥಮಾಡಿಕೊಳ್ಳುತ್ತಾರೆ? ಧಾರವಾಡದ ಕಡೆಯವರು, ಕರಾವಳಿಯವರು, ಕಲಬುರಗಿಯವರು ದಯವಿಟ್ಟು ಹೇಳಿ.

ಹಾಗೆಯೇ ‘ಅಕ್ಷರ’. ಒಂದು ಅರ್ಜಿಯಲ್ಲಿ ‘ಹೆಸರು 10 ಅಕ್ಷರ ಮೀರಬಾರದು’ ಅಂತಿದೆ ಅನ್ನಿ. ಕೃಷ್ಣಮೂರ್ತಿ ಎಷ್ಟು ಅಕ್ಷರ? ನಮಗೆ ನಾಲ್ಕು: ಕೃ, ಷ್ಣ, ಮೂ, ರ್ತಿ. ಕಂಪ್ಯೂಟರಿನಲ್ಲಿ ಲಿಪಿಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ (ಒತ್ತಕ್ಷರ ಮಾಡುವ ‘್’ ಚಿಹ್ನೆ) ಎಲ್ಲ ಬೇರೆ ಬೇರೆ, ಒಟ್ಟು 11. ಪ್ರೋಗ್ರಾಂ 10ಕ್ಕೆ ಕತ್ತರಿಸಿದರೆ ಕೊನೆಯ ಗುಡಿಸು ಹೋಗಿ ಅವರು ‘ಕೃಷ್ಣಮೂರ್ತ’ ಆಗುತ್ತಾರೆ. ಮಕ್ಕಳಿಗೆ ಇದನ್ನು ಕೊಟ್ಟು ತಪ್ಪು ಯಾರದು ಅಂತ ಕೇಳಿದೆ. ಕೋಡ್ ಬರೆದವನದ್ದು ಅಂದರು ಕೆಲವರು, ನಿಯಮ ಬರೆದವನದ್ದು ಅಂದರು ಇನ್ನು ಕೆಲವರು. ನನ್ನ ಓಟು ಎರಡನೆಯವರಿಗೆ. ಆ ಎಣಿಕೆಗೆ ‘ಅಕ್ಷರ’ ಬಿಟ್ಟು ಏನು ಬರೆಯಬಹುದು? ‘ಸಂಕೇತ’ ಅಂದರೆ ಜನ ಬೇರೇನೋ ತಿಳಿಯುತ್ತಾರೆ. ‘ಕೀಲಿಯ ಒತ್ತು’ ಅನ್ನಲೂ ಬರುವುದಿಲ್ಲ, ಕೆಲವು ಕೀಲಿಮಣೆಗಳಲ್ಲಿ ಒಂದೇ ಒತ್ತಿಗೆ ಎರಡು ಮೂರು ಬಂದುಬಿಡುತ್ತವೆ.

ಉತ್ತರ ಬರೆಯುವಾಗ ಪದದ ಜೊತೆ ಒಂದು ವಾಕ್ಯವನ್ನೂ ಹಾಕಿ, ನೀವು ಯಾವ ಕಡೆಯವರು ಅನ್ನುವುದನ್ನೂ ಸೇರಿಸಿ. ನಿಘಂಟಿನ ಅರ್ಥಗಳು ನನ್ನ ಬಳಿ ಸಾಕಷ್ಟಿವೆ, ಬಾಯಿಮಾತು ಬೇಕು. ‘ಎಡವು’ ಸರಿಯಿಲ್ಲ ಅನ್ನುವವರು ಯಾಕೆ ಅಂತಲೂ ಬರೆಯಿರಿ. ಮೊದಲ ಅಧ್ಯಾಯ ಜೆರಾಕ್ಸ್‌ಗೆ ಕೊಡುವ ಮುಂಚೆ ತಿದ್ದಿಕೊಳ್ಳುತ್ತೇನೆ.